ಮೂರನೆಯ ಗುಂಡು

"ಒಂದು ಬೇಕಾ, ಹೊಡೀತೇನೆ. ಎರಡು ಮಾತ್ರ ಕೇಳ್ಬೇಡಿ ಮೇಷ್ಟ್ರೇ," ಎಂದರು ಉತ್ತಯ್ಯ, ಜಗಲಿಯಲ್ಲಿ ಕೂತು ಕೋವಿಯ ನಳಿಗೆಯನ್ನು ಎಣ್ಣೆ ಬಟ್ಟೆಯಿಂದ ಒರೆಸುತ್ತ.

"ಎರಡಲ್ಲ ಉತ್ತಯ್ಯನವರೇ, ನಾನು ಕೇಳ್ತಾ ಇರೋದು ಮೂರು," ಎಂದ ಪುಟ್ಟರಾಜು.

"ಎರಡು ಹೊಡೀದೆ ಮೂರು ಹೊಡೆಯೋದು ಹ್ಯಾಗೆ? ಅದನ್ನೂ ನಿಮ್ಮ ವಿಜ್ಞಾನದಲ್ಲಿ ಹೇಳಿದಾರಾ?"

ಒಳಗಿನಿಂದ ಉತ್ತಯ್ಯನ ತಾಯಿ ಕಿಸಕ್ಕೆಂದು ನಕ್ಕರು. ಆಕೆಗೆ ಎಂಬತ್ತೆರಡು. ಕಣ್ಣು ಮಂಜು, ಕಿವಿ ಮಾತ್ರ ಚುರುಕು.

ಪುಟ್ಟರಾಜುವಿಗೆ ನಗು ಬರಲಿಲ್ಲ. ಶಾಲೆ ಬಿಟ್ಟ ಮೇಲೆ ಗದ್ದೆಯ ಬದುವಿನ ಮೇಲೆ ಮುಕ್ಕಾಲು ಮೈಲಿ ನಡೆದು, ಏರು ಹತ್ತಿ ಅವನು ಈ ಮನೆಗೆ ಬಂದದ್ದು ಇದು ಮೂರನೆಯ ಸಲ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಒಕ್ಕಲು ಮನೆಯವನು ಅವನು. ದಕ್ಷಿಣ ಕೊಡಗಿನ ಬಾಳೆಲೆ ಎಂಬ ಊರಿನ ಕಡೆಯ ಈ ಮಿಡ್ಲ್ ಸ್ಕೂಲಿಗೆ ಬಂದು ಎರಡು ವರ್ಷವಾಗಿತ್ತು. ಊರಿನ ಮಾತು ಕಲಿತಿದ್ದ, ಊಟ ಕಲಿತಿದ್ದ. ಗುಂಡಿನ ಭಾಷೆ ಒಂದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

"ನೋಡಿ ಮೇಷ್ಟ್ರೇ," ಉತ್ತಯ್ಯ ಕೋವಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಬೆರಳು ಮಡಚಿದರು. "ಮನೆಯಿಂದ ಒಂದು ಗುಂಡು ಕೇಳಿದ್ರೆ ಗಂಡು ಮಗು ಹುಟ್ಟಿತು ಅಂತ. ಒಂದರ ಹಿಂದೆ ಒಂದು ಎರಡು ಕೇಳಿದ್ರೆ ಸಾವು. ಎರಡು ಕಿವಿಗೆ ಬಿತ್ತೋ, ಮನೆಗೊಬ್ಬರು ಕೈಲಿದ್ದ ಕೆಲಸ ಬಿಟ್ಟು ಹೊರಡಬೇಕು. ಜಗಳ ಇದ್ದವರೂ ಬರಬೇಕು. ಈ ಮನೇಲಿ ಇರೋದು ನಾನು, ಅವ್ವ, ಇಬ್ಬರೇ. ಮಕ್ಕಳು ಮಿಲಿಟರೀಲಿ. ಒಂದು ಹೊಡೆದ್ರೆ ಊರು ನಗ್ತದೆ, ತಡ್ಕೊಳ್ಳಬಹುದು. ಎರಡು ಹೊಡೆದ್ರೆ ಊರು ಬಂದು ಅಂಗಳದಲ್ಲಿ ನಿಲ್ತದೆ."

"ಮೂರು ಹೊಡೆದರೆ?"

"ಮೂರನೆಯದು ಕೇಳೋ ಹೊತ್ತಿಗೆ ಅವರು ಅರ್ಧ ದಾರಿ ಬಂದಿರ್ತಾರೆ. ಪುತ್ತರಿಯ ದಿನ ಕೇಳಬಾರದಿತ್ತಾ? ಅವತ್ತು ನೂರು ಹೊಡೆದ್ರೂ ಯಾರೂ ತಲೆ ಎತ್ತೋದಿಲ್ಲ."

ಸುಗ್ಗಿಯ ಹಬ್ಬ ಪುತ್ತರಿ ಮುಗಿದು ಮೂರು ವಾರವಾಗಿತ್ತು. ಪುಟ್ಟರಾಜು ಹಣೆ ಒತ್ತಿಕೊಂಡ.

ಇಷ್ಟಕ್ಕೆಲ್ಲ ಮೂಲ ಆರನೆಯ ತರಗತಿಯ ಗಂಗೆ. ಕಾಫಿ ಎಸ್ಟೇಟಿನ ಕೂಲಿಯವರ ಮನೆಸಾಲು, ಅಂದರೆ ಲೈನಿನಿಂದ ಶಾಲೆಗೆ ಬರುತ್ತಿದ್ದ ಹುಡುಗಿ ಅವಳೊಬ್ಬಳೇ. ಒಂದು ದಿನ ತರಗತಿಯೆಲ್ಲ ಸೇರಿ ಮಗ್ಗಿ ಹೇಳುವ ರಾಗದಲ್ಲಿ "ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ಸಾವಿರದ ನೂರು ಅಡಿ ಚಲಿಸುತ್ತದೆ" ಎಂದು ಕೂಗುತ್ತಿದ್ದಾಗ ಅವಳು ಎದ್ದು ನಿಂತು, "ಅಳೆದವರು ಯಾರು ಸಾರ್? ಅದರ ಹಿಂದೆ ಓಡಿದ್ರಾ?" ಎಂದು ಕೇಳಿದಳು. ಎಲ್ಲರೂ ನಕ್ಕರು. ಪುಟ್ಟರಾಜು ಮಾತ್ರ ಪುಸ್ತಕದ ಹಾಳೆ ತಿರುವಿದ. ಅವನಿಗೂ ಗೊತ್ತಿರಲಿಲ್ಲ. ಅವನು ಓದಿದ್ದು ಚರಿತ್ರೆ. ಹೊಸದಾಗಿ ಬಂದ ಸಾಮಾನ್ಯ ವಿಜ್ಞಾನವನ್ನು ಮಕ್ಕಳಿಗಿಂತ ಎರಡು ಪಾಠ ಮುಂದೆ ಓದಿಕೊಂಡು ಕಲಿಸುತ್ತಿದ್ದ. ಕೊನೆಗೆ ಉತ್ತರ ಸಿಕ್ಕಿತು: ದೂರದಲ್ಲಿ ಗುಂಡು ಹಾರಿಸಿದರೆ ಹೊಗೆ ಕೂಡಲೇ ಕಾಣುತ್ತದೆ, ಸದ್ದು ತಡವಾಗಿ ಬರುತ್ತದೆ. ನಡುವಿನ ಹೊತ್ತನ್ನು ಎಣಿಸಿ, ದೂರವನ್ನು ಅದರಿಂದ ಭಾಗಿಸಿದರೆ ವೇಗ. ಅಷ್ಟು ಸುಲಭ. ಮನೆಗೊಂದು ಕೋವಿ ಇರುವ ಕೊಡಗಿನಲ್ಲಿ ಇನ್ನೇನು ಬೇಕು ಎಂದು ಅವನು ಕುಣಿದಾಡಿದ್ದ.

ಆ ಹೊತ್ತಿಗೇ ಮಡಿಕೇರಿಯಿಂದ ಕಾಗದ ಬಂತು. ಕೊಡಗು ಆಗ ಬೇರೆಯೇ ರಾಜ್ಯ, ಮಡಿಕೇರಿ ಅದರ ರಾಜಧಾನಿ, ಕಾಗದಕ್ಕೂ ಆ ಗತ್ತು. ಉಪಕರಣವಿಲ್ಲದೆ, ಪ್ರಯೋಗವಿಲ್ಲದೆ ಬರಿಯ ಬಾಯಿಪಾಠ ನಡೆಯುತ್ತಿರುವ ಶಾಲೆಗಳಲ್ಲಿ ವಿಜ್ಞಾನದ ವಾರದ ಮೂರು ಪೀರಿಯಡ್ಡುಗಳನ್ನು ತಕಲಿ ನೂಲುವುದಕ್ಕೆ ಕೊಡಬಹುದು, ಗುರುವಾರ ಇನ್ಸ್‌ಪೆಕ್ಟರು ಖುದ್ದಾಗಿ ಬಂದು ನೋಡಿ ತೀರ್ಮಾನಿಸುತ್ತಾರೆ ಎಂದು ಅದರಲ್ಲಿತ್ತು. ಶಾಲೆಯ ಉಪಕರಣವೆಂದರೆ ಒಂದು ಅಯಸ್ಕಾಂತ, ಬಾಯಿ ಒಡೆದ ಗಾಜಿನ ಆಲಿಕೆ, ಮತ್ತು ಮೊಣಕಾಲಿನವರೆಗೆ ಗೆದ್ದಲು ತಿಂದ ಅಸ್ಥಿಪಂಜರದ ಪಟ. ಗುಂಡಿನ ಪ್ರಯೋಗ ಆಗದಿದ್ದರೆ ಮೂರು ಪೀರಿಯಡ್ಡೂ ನೂಲಿನ ಪಾಲು.

"ಕೋವಿಯೇ ಯಾಕೆ? ಬೇರೆ ಸದ್ದು ಇಲ್ವಾ ಪ್ರಪಂಚದಲ್ಲಿ?" ಎಂದರು ಉತ್ತಯ್ಯ.

ಅದನ್ನೂ ನೋಡಿಯಾಗಿತ್ತು. ಎಸ್ಟೇಟಿನಲ್ಲಿ ನೇತುಹಾಕಿದ ಕಬ್ಬಿಣದ ತಟ್ಟೆಯನ್ನು ಬಡಿಸಿ ಎಂದು ಕೇಳಿದ್ದಕ್ಕೆ ಅಲ್ಲಿ ಲೆಕ್ಕ ಬರೆಯುವ ರೈಟರ್ ಸಣ್ಣಸ್ವಾಮಿ ಕೈ ಮುಗಿದಿದ್ದ. "ತಟ್ಟೆ ಬಡಿದ್ರೆ ಪಿಕ್ಕಿಂಗಿನವರು ಬುಟ್ಟಿ ಇಳಿಸಿ ಮನೆಗೆ ಹೋಗ್ತಾರೆ. ಆಮೇಲೆ ದೊರೆ ನನ್ನನ್ನೂ ಮನೆಗೆ ಕಳಿಸ್ತಾರೆ." ದೇವಸ್ಥಾನದ ಗಂಟೆಗೆ ಅದರದೇ ಹೊತ್ತು, ಡೋಲು ಬಡಿಯಲು ಅದರದೇ ದಿನ. ಈ ಊರಿನಲ್ಲಿ ದೊಡ್ಡ ಸದ್ದು ಒಂದಾದರೂ ಖಾಲಿ ಇಲ್ಲ, ಎಲ್ಲವೂ ಯಾವುದೋ ಸುದ್ದಿಗೆ ಮೀಸಲು ಎಂದು ಪುಟ್ಟರಾಜುವಿಗೆ ಅರ್ಥವಾಗುವಷ್ಟರಲ್ಲಿ ಸೋಮವಾರ ಕಳೆದಿತ್ತು.

"ಹಾಗಾದ್ರೆ ಒಂದೇ ಹೊಡೀತೇನೆ. ಅದರಲ್ಲೇ ಅಳ್ಕೊಳ್ಳಿ."

"ಒಂದು ಸಲ ಅಳೆದದ್ದು ಅಳತೆ ಅಲ್ಲ. ಒಬ್ಬ ಆರು ಅಂತಾನೆ, ಇನ್ನೊಬ್ಬ ಎಂಟು ಅಂತಾನೆ. ಮೂರು ಸಲ ನೋಡಿ ಸರಾಸರಿ ತೆಗೀಬೇಕು. ವಿಜ್ಞಾನ ಅಂದರೆ ಅದೇ. ಇಲ್ಲದಿದ್ದರೆ ಮತ್ತೆ ಬಾಯಿಪಾಠವೇ ಆಯ್ತಲ್ಲ."

ಉತ್ತಯ್ಯ ಎಣ್ಣೆ ಬಟ್ಟೆಯನ್ನು ಪಕ್ಕಕ್ಕಿಟ್ಟರು. ಪಟ್ಟಾಳದಲ್ಲಿ ಗುರಿ ಹಿಡಿದು ಬಂದವರು, ಮೂರು ಸಲದ ಮಾತು ಅವರಿಗೆ ತಾಗಿತು. "ಮನೆಮನೆಗೆ ಹೋಗಿ ಹೇಳ್ತೀರಾ, ಇದು ಶಾಲೆಯ ಗುಂಡು, ಯಾರೂ ಬರಬೇಡಿ ಅಂತ? ಹೇಳಿದ್ರೆ ಮೂರೂ ಹೊಡೀತೇನೆ."

"ಹೇಳ್ತೀನಿ. ಒಂದು ಮನೆ ಬಿಡಲ್ಲ."

"ಅಪ್ಪಾ ಮೇಷ್ಟ್ರೇ," ಒಳಗಿನಿಂದ ಅಜ್ಜಿಯ ದನಿ ಬಂತು. "ಗುಂಡು ಕೇಳಿದ್ರೂ ಬರಬೇಡಿ ಅಂತ ಕಲಿಸಿಬಿಟ್ರೆ, ನನ್ನ ದಿನಕ್ಕೆ ಯಾರು ಬರ್ತಾರೆ?"

ಪುಟ್ಟರಾಜು ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದ.

ಬುಧವಾರ ಅವನೂ ಶಾಲೆಯ ಜವಾನ ಮಾಯಿಲಪ್ಪನೂ ಮನೆಮನೆ ತಿರುಗಿದರು. ನಾಳೆ ಗುರುವಾರ ಹತ್ತು ಗಂಟೆಗೆ ಉತ್ತಯ್ಯನವರ ಭತ್ತ ಬಡಿಯುವ ಕಳದಿಂದ ಮೂರು ಗುಂಡು ಹಾರುತ್ತವೆ, ಯಾರೂ ಗಾಬರಿ ಬೀಳಬೇಡಿ ಎಂದು ಹೇಳಿ ಹೇಳಿ ನಾಲಿಗೆ ಒಣಗಿತು.

"ಸತ್ತರೆ ಹೇಳಿ ಕಳಿಸೋದು ಕೇಳಿದ್ದೆ. ಸಾಯೋದಿಲ್ಲ ಅಂತ ಹೇಳಿ ಕಳಿಸೋದು ಇದೇ ಮೊದಲು," ಎಂದಳು ಚಾದಂಗಡಿಯ ಮಹಾದೇವಮ್ಮ. "ಒಂದು ಚಾ ಕುಡೀರಿ ಸಾರ್, ಮುಖ ನೋಡಿದ್ರೆ ನಿಮ್ಮ ಮನೇಲೇ ಆದ ಹಾಗುಂಟು."

"ಹತ್ತು ಗಂಟೆ, ನೆನಪಿರಲಿ," ಎಂದ ಪುಟ್ಟರಾಜು.

"ಹತ್ತು ಗಂಟೆ ಅಂತ ನಾ ಆಗ್ಲೇ ಅವ್ರಿಗೆ ಮೂರು ಸಲ ಹೇಳಿದೆ ಸಾರ್," ಎಂದ ಮಾಯಿಲಪ್ಪ. "ನೀವು ಸರಾಸರಿ ತೆಗೀರಿ."

ಗುರುವಾರ ಬೆಳಿಗ್ಗೆ ಮಂಜು ಬೇಗ ಕರಗಿ ಕಣಿವೆಯ ಗದ್ದೆ ಹೊಳೆಯಿತು. ಕೊಯ್ಲಿನ ಕಾಲ. ಶಾಲೆಯ ದಿಣ್ಣೆಯಿಂದ ನೋಡಿದರೆ ಆಚೆ ಏರಿನಲ್ಲಿ ಉತ್ತಯ್ಯನ ಕಳ ತಟ್ಟೆಯ ಹಾಗೆ ಕಾಣುತ್ತಿತ್ತು. ದೂರ ಅರವತ್ತು ಚೈನು, ಅಂದರೆ ಮೂರು ಸಾವಿರದ ಒಂಬೈನೂರ ಅರವತ್ತು ಅಡಿ. ಸಣ್ಣಸ್ವಾಮಿಯಿಂದ ಎಸ್ಟೇಟಿನ ಚೈನನ್ನು ಎರವಲು ತಂದು ಮಕ್ಕಳೇ ಎರಡು ಶನಿವಾರ ಕೆಸರಿನಲ್ಲಿ ಎಳೆದು ಅಳೆದಿದ್ದರು. ಗಡಿಯಾರದಲ್ಲಿ ಅಷ್ಟು ಚಿಕ್ಕ ಹೊತ್ತು ಸಿಗುವುದಿಲ್ಲವೆಂದು ಹತ್ತು ಇಂಚಿನ ದಾರಕ್ಕೆ ಕಲ್ಲು ಕಟ್ಟಿ ಲೋಲಕ ಮಾಡಿದ್ದರು. ಈ ತುದಿಯಿಂದ ಆ ತುದಿಗೆ ಒಂದು ತೂಗು ಅರ್ಧ ಸೆಕೆಂಡು. ಏಳು ತೂಗಿಗೆ ಸದ್ದು ಬಂದರೆ ಪುಸ್ತಕ ನಿಜ.

ಹತ್ತು ಗಂಟೆಯಾಯಿತು, ಇನ್ಸ್‌ಪೆಕ್ಟರು ಬರಲಿಲ್ಲ. ಹನ್ನೊಂದಾಯಿತು. ಆಚೆ ಕಳದಲ್ಲಿ ಉತ್ತಯ್ಯ ಚುಕ್ಕೆಯ ಹಾಗೆ ನಿಂತಿದ್ದರು. ಪಟ್ಟಾಳದ ಮನುಷ್ಯ, ಬಿಳಿ ಬಾವುಟ ಬೀಸುವ ತನಕ ಕದಲುವವರಲ್ಲ. ಹನ್ನೆರಡಕ್ಕೆ ಮಾಯಿಲಪ್ಪ ಅವರಿಗೆ ಬುತ್ತಿ ಹೊತ್ತುಕೊಂಡು ಹೋಗಿ ಬಂದ.

"ಏನಂದರು?"

"ಅವರು ಅಂದದ್ದು ಶಾಲೇಲಿ ಹೇಳುವಂಥದ್ದಲ್ಲ ಸಾರ್."

ಪುಟ್ಟರಾಜು ಹಲ್ಲು ಕಚ್ಚಿದ. ಹೆಡ್‌ಮಾಸ್ಟರು ತಿಮ್ಮಯ್ಯ ವರಾಂಡದಲ್ಲಿ ಕುರ್ಚಿ ಹಾಕಿ ಕೂತು, "ಸಮಾಧಾನ, ಪುಟ್ಟರಾಜು. ಸರ್ಕಾರ ಅಂದ ಮೇಲೆ ಹತ್ತು ಅಂದ್ರೆ ಹತ್ತರ ಮೇಲೆ ಅಂತ," ಎಂದರು. ಅದು ಅವನ ಸಿಟ್ಟಿಗೆ ತುಪ್ಪ ಹೊಯ್ದಂತಾಯಿತು.

ಜೀಪು ಬಂದದ್ದು ಎರಡೂವರೆಗೆ. ದಾರಿಯಲ್ಲಿ ಟಯರು ಕೈಕೊಟ್ಟಿತಂತೆ. ಇನ್ಸ್‌ಪೆಕ್ಟರು ಕೆಟ್ಟ ಮನುಷ್ಯರೇನಲ್ಲ, ದಣಿದ ಮನುಷ್ಯ. ಕಾಪಿ ಕುಡಿದರು, ಹಾಜರಿ ಪುಸ್ತಕ ನೋಡಿದರು, ಅಸ್ಥಿಪಂಜರದ ಪಟ ನೋಡಿ "ಇವನ ಕಾಲೆಲ್ಲಿ?" ಎಂದರು. ಮೂರು ಗಂಟೆಗೆ ಎದ್ದು ಬಂದು, "ಸರಿ, ಏನೋ ಪ್ರಯೋಗ ಅಂದ್ರಲ್ಲ. ಬೇಗ ತೋರಿಸಿ. ನಾಲ್ಕಕ್ಕೆ ನಾನು ಹೊರಡಬೇಕು."

ಹದಿನಾಲ್ಕು ಮಕ್ಕಳು ದಿಣ್ಣೆಯ ಮೇಲೆ ಸಾಲಾಗಿ ನಿಂತರು. ಮೂವರ ಕೈಯಲ್ಲಿ ಲೋಲಕ. ಪುಟ್ಟರಾಜು ಬಿದಿರಿಗೆ ಕಟ್ಟಿದ ಪಂಚೆಯನ್ನು ಬೀಸಿದ. ಆಚೆ ಏರಿನಲ್ಲಿ ಬಿಳಿಯ ಹೊಗೆ ಹತ್ತಿಯ ಉಂಡೆಯಂತೆ ಅರಳಿತು.

"ಹೊಗೆ ಬಂತಲ್ಲ! ಸದ್ದೆಲ್ಲಿ?" ಎಂದರು ಇನ್ಸ್‌ಪೆಕ್ಟರು ಗಟ್ಟಿಯಾಗಿ, ಸರಿಯಾಗಿ ಮಕ್ಕಳು ಎಣಿಸುತ್ತಿದ್ದಾಗ.

ಢಂ ಎಂದಿತು.

"ಆರು!" "ಒಂಬತ್ತು ಸಾರ್!" "ಏಳು," ಎಂದಳು ಗಂಗೆ.

"ಮೂರು ಮಕ್ಕಳು, ಮೂರು ಉತ್ತರ," ಎಂದು ಇನ್ಸ್‌ಪೆಕ್ಟರು ನಕ್ಕರು. "ಪುಸ್ತಕದಲ್ಲಿ ಒಂದೇ ಇದೆಯಲ್ಲ ರೀ?"

"ಅದಕ್ಕೇ ಸಾರ್ ಮೂರು ಸಲ. ಈಗ ಎರಡನೆಯದು. ದಯವಿಟ್ಟು ಯಾರೂ ಮಾತಾಡಬಾರದು." ಪುಟ್ಟರಾಜು ಮತ್ತೆ ಪಂಚೆ ಬೀಸಿದ.

ಹೊಗೆ ಬರಲಿಲ್ಲ. ಉತ್ತಯ್ಯ ಕೋವಿ ತುಂಬಿಕೊಂಡು ನಿಂತದ್ದು ಕಾಣುತ್ತಿತ್ತು. ಅವರು ಕೆಳಗಿನ ಗದ್ದೆಯತ್ತ ಕೈ ತೋರಿಸಿ ಏನೋ ಸನ್ನೆ ಮಾಡಿದರು. ಹತ್ತು ಗಂಟೆ ಎಂದು ಊರಿಗೆ ಹೇಳಿದ್ದಲ್ಲವೇ, ಈಗ ಮೂರಾಗಿದೆಯಲ್ಲ ಎಂದು ಅವರು ಕೇಳುತ್ತಿದ್ದಾರೆಂದು ಯಾರಿಗಾದರೂ ಹೊಳೆಯಬೇಕಿತ್ತು. ಪುಟ್ಟರಾಜುವಿಗೆ ಹೊಳೆಯಲಿಲ್ಲ. ಅವನಿಗೆ ಕಂಡದ್ದು ಇನ್ಸ್‌ಪೆಕ್ಟರು ಕೈಗಡಿಯಾರ ನೋಡಿದ್ದು ಮಾತ್ರ. ಅವನು ಎರಡೂ ಕೈಯಲ್ಲಿ ಬಿದಿರು ಹಿಡಿದು ಹುಚ್ಚನ ಹಾಗೆ ಬೀಸಿದ. ಕೊನೆಗೆ ಹೊಗೆ ಅರಳಿತು.

"ಏಳು!" "ಏಳು ಸಾರ್!" "ಎಂಟು... ಇಲ್ಲ, ಏಳೂವರೆ."

"ನೋಡಿದಿರಾ ಸಾರ್, ಹತ್ತಿರ ಬಂತು! ಇನ್ನೊಂದು ಸಲ..."

"ಅದೇನ್ರೀ ಅಲ್ಲಿ?" ಎಂದರು ಇನ್ಸ್‌ಪೆಕ್ಟರು.

ಕೆಳಗೆ ಗದ್ದೆಯಲ್ಲಿ ಕೊಯ್ಯುತ್ತಿದ್ದವರು ಒಬ್ಬೊಬ್ಬರಾಗಿ ಬೆನ್ನು ನೆಟ್ಟಗೆ ಮಾಡಿ ನಿಂತರು. ಕುಡುಗೋಲು ಕೆಳಗಿಟ್ಟರು. ತಲೆಯ ಬಟ್ಟೆ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಬದುಗಳ ಮೇಲೆ ಸಾಲು ಹೊರಟಿತು. ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಕಿವಿ ಕೊಟ್ಟು ಕಾದಿದ್ದರು, ಏನೂ ಕೇಳಿಸಲಿಲ್ಲ. ಮೇಷ್ಟ್ರ ಪ್ರಯೋಗ ನಿಂತುಹೋಯಿತು ಎಂದುಕೊಂಡು ಕೆಲಸಕ್ಕೆ ಇಳಿದಿದ್ದರು. ಈಗ ಮೂರು ಗಂಟೆಗೆ, ಎಂಬತ್ತೆರಡರ ಮುದುಕಿ ಇರುವ ಮನೆಯಿಂದ, ಒಂದರ ಹಿಂದೆ ಒಂದು ಎರಡು.

"ಅಯ್ಯೋ, ಅಲ್ಲ! ಅದಲ್ಲ!" ಎಂದು ಪುಟ್ಟರಾಜು ದಿಣ್ಣೆಯ ಮೇಲಿಂದ ಕೂಗಿದ. ಮುಕ್ಕಾಲು ಮೈಲಿಗೆ ಅವನ ಕೂಗು ಎಲ್ಲಿಯದು. ಆಚೆ ಉತ್ತಯ್ಯ ಕೋವಿ ಹಿಡಿದುಕೊಂಡೇ ಜನರನ್ನು ತಡೆಯಲು ಏರಿನಿಂದ ಓಡಿ ಇಳಿಯುತ್ತಿದ್ದರು. ಅಳುತ್ತಾ ಓಡಿ ಬರುತ್ತಿದ್ದಾರೆಂದು ತಿಳಿದು ಗದ್ದೆಯವರು ಇನ್ನೂ ಬಿರುಸಾಗಿ ಹೆಜ್ಜೆ ಹಾಕಿದರು.

ತಿಮ್ಮಯ್ಯ ಕೊಡೆ ತೆಗೆದುಕೊಂಡು ಎದ್ದರು. "ಸಾರ್, ನಾನು ಸ್ವಲ್ಪ ಹೋಗಿ ಬರ್ತೇನೆ."

"ಎಲ್ಲಿಗೆ?"

"ಸಾವಿನ ಮನೆಗೆ."

"ಸತ್ತವರು ಯಾರು?"

"ಯಾರೂ ಇಲ್ಲ ಸಾರ್."

ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಅವರನ್ನೇ ನೋಡಿದರು. "ಯಾರೂ ಸತ್ತಿಲ್ಲ ಅಂತ ಗೊತ್ತಿದ್ದೂ ಹೋಗ್ತೀರಾ?"

"ಎರಡು ಕೇಳಿಸಿತಲ್ಲ ಸಾರ್. ಹೆಡ್‌ಮಾಸ್ಟರು ಕೇಳಿಸಿಯೂ ಬರಲಿಲ್ಲ ಅಂತ ಆಗಬಾರದು. ಮುಖ ತೋರಿಸಿ ಬಂದುಬಿಡ್ತೇನೆ."

"ನೀವೇ ಹೋದರೆ ನಾನು ಯಾರನ್ನ ತಡೀಲಿ ಸಾರ್?" ಎಂದ ಪುಟ್ಟರಾಜು, ಅಳುವಂತಾಗಿ. ತಿಮ್ಮಯ್ಯ ಆಗಲೇ ಮೆಟ್ಟಿಲಿಳಿದಿದ್ದರು. ಅವರ ಹಿಂದೆ ಹುಡುಗನೊಬ್ಬ ಲೋಲಕವನ್ನು ಜೋಪಾನವಾಗಿ ನೆಲದ ಮೇಲಿಟ್ಟು, "ಅಪ್ಪ ಊರಲ್ಲಿಲ್ಲ ಸಾರ್, ನಮ್ಮ ಮನೆಯಿಂದ ನಾನೇ ಹೋಗ್ಬೇಕು," ಎಂದ. ಅವನ ಹಿಂದೆ ಇನ್ನೊಬ್ಬ. ಹದಿನಾಲ್ಕರಲ್ಲಿ ಉಳಿದದ್ದು ಆರು.

ಇನ್ಸ್‌ಪೆಕ್ಟರು ತಿಮ್ಮಯ್ಯನವರ ಕುರ್ಚಿಯಲ್ಲಿ ಕೂತು ಪೆನ್ನು ತೆಗೆದರು. ಅವರು ಬರೆಯುವುದನ್ನು ಪುಟ್ಟರಾಜು ನಿಂತು ನೋಡಿದ. ಬರೆದದ್ದನ್ನು ಅವರು ಓದಿಯೂ ಹೇಳಿದರು, ಅದು ಅವರ ನ್ಯಾಯ. "ಪ್ರಯೋಗ ಅಪೂರ್ಣ. ಸ್ಥಳೀಯ ಗೊಂದಲಕ್ಕೆ ಎಡೆಯಾಯಿತು. ಉಪಕರಣ ಇಲ್ಲ. ಮೂರು ಪೀರಿಯಡ್ಡುಗಳನ್ನು ನೂಲುವಿಕೆಗೆ ಕೊಡತಕ್ಕದ್ದು."

"ಸಾರ್, ಎರಡನೆಯ ಸಲ ಏಳು ಬಂತು. ನೀವೇ ಕೇಳಿದಿರಿ."

"ಕೇಳಿದೆ. ನಾಳೆ ಯಾರಾದರೂ ನಿಜವಾಗಿ ಸತ್ತು, ಇದೂ ಮೇಷ್ಟ್ರ ಗುಂಡು ಅಂತ ಜನ ಮನೇಲೇ ಕೂತರೆ ಜವಾಬ್ದಾರಿ ಯಾರದ್ದು? ಅದನ್ನೂ ಯೋಚನೆ ಮಾಡಿ."

ಅಷ್ಟರಲ್ಲಿ, ಎರಡನೆಯ ಗುಂಡಿಗೇ ಆಚೆ ಏರಿಗೆ ಓಡಿದ್ದ ಮಾಯಿಲಪ್ಪ ಏದುಸಿರು ಬಿಡುತ್ತ ಬಂದ. "ಅಲ್ಲಿ ನೀವು ನೋಡ್ಬೇಕಿತ್ತು ಸಾರ್. ಅಜ್ಜಿ ಜಗಲೀಲಿ ಕೂತುಕೊಂಡು ಯಾರು ಬಂದ್ರು, ಯಾರು ಬರ್ಲಿಲ್ಲ ಅಂತ ಹೆಸರು ಹಿಡಿದು ಎಣಿಸ್ತಾ ಉಂಟು. ಬಹಳ ಖುಷಿ. ಉತ್ತಯ್ಯನವರು ಮಾತ್ರ ನಿಮ್ಮನ್ನ ಕೇಳ್ತಾ ಉಂಟು. ಇವತ್ತು ಆ ಕಡೆ ಹೋಗ್ಬೇಡಿ."

ಪುಟ್ಟರಾಜು ಬಿದಿರನ್ನು ನೆಲಕ್ಕೆ ಎಸೆದ. ಟಯರಿನ ಮೇಲೆ, ಸರ್ಕಾರದ ಹತ್ತು ಗಂಟೆಯ ಮೇಲೆ, ತಿಮ್ಮಯ್ಯನವರ ಕೊಡೆಯ ಮೇಲೆ ಒಟ್ಟಿಗೇ ಸಿಟ್ಟು ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಮೂರಾಯಿತೆಂದು ಇನ್ನೊಮ್ಮೆ ಮಾಯಿಲಪ್ಪನನ್ನು ಗದ್ದೆಗೆ ಓಡಿಸಲು ತನಗೇ ತೋಚಲಿಲ್ಲವಲ್ಲ ಎಂದು. ಅವನು ದಿಣ್ಣೆಯ ಅಂಚಿನಲ್ಲಿ ಕುಕ್ಕರಿಸಿದ.

"ಸಾರ್," ಎಂದಳು ಗಂಗೆ ಹಿಂದಿನಿಂದ. "ಇನ್ನೊಂದು ಸದ್ದು ಉಂಟು. ಅದಕ್ಕೆ ಯಾರೂ ಎದ್ದು ಹೋಗೋದಿಲ್ಲ."

"ಸಾಕು ಗಂಗೆ. ಬೆಲ್ಲು ಹೊಡೀಲಿ, ಮನೆಗೆ ಹೋಗು."

"ಅಲ್ಲಿ ನೋಡಿ ಸಾರ್. ನಮ್ಮಪ್ಪ."

ಎಸ್ಟೇಟಿನ ಬೇಲಿಯ ಹತ್ತಿರ, ಕಾಲು ಮೈಲಿ ದೂರದಲ್ಲಿ, ಅವಳ ಅಪ್ಪ ಕರಿಯ ಎಂಬವನು ಒಣಗಿ ನಿಂತ ನೆರಳಿನ ಮರವೊಂದಕ್ಕೆ ಕೊಡಲಿ ಹಾಕುತ್ತಿದ್ದ. ಊರೆಲ್ಲ ಬದುವಿನ ಮೇಲೆ ನಡೆದಿದ್ದರೂ ಅವನು ನಿಲ್ಲಿಸಿರಲಿಲ್ಲ. ಸಾವಿನ ಮನೆಗೆ ಲೈನಿನವರು ಬರಬೇಕೆಂದು ಯಾರೂ ಕಾಯುವುದಿಲ್ಲ.

"ಕೊಡಲಿ ಮರಕ್ಕೆ ಬಿದ್ದಾಗ ಸದ್ದಿಲ್ಲ. ಮೇಲೆ ಎತ್ತಿದಾಗ ಸದ್ದು ಬರ್ತದೆ. ನೋಡಿ... ನೋಡಿ. ನಿಲ್ಲಿಸಿ ಬೆವರು ಒರೆಸ್ತಾನಲ್ಲ, ಆಗಲೂ ಒಂದು ಸದ್ದು ಬಾಕಿ ಇರ್ತದೆ. ಗಂಜಿ ತಗೊಂಡು ಹೋಗುವಾಗ ದಿನಾ ನೋಡ್ತೇನೆ. ಹತ್ತಿರ ಹೋದ ಹಾಗೆ ಸದ್ದೂ ಕೊಡಲಿಯೂ ಒಂದಾಗ್ತದೆ."

ಪುಟ್ಟರಾಜು ನೋಡಿದ. ಕೊಡಲಿ ಇಳಿಯಿತು, ಮೌನ. ಕೊಡಲಿ ಎದ್ದಿತು, ಟಕ್. ಎರಡು ವರ್ಷದಿಂದ ದಿನವೂ ಕಣ್ಣೆದುರು ನಡೆಯುತ್ತಿದ್ದದ್ದು. ಯಾವ ಸುದ್ದಿಯನ್ನೂ ಹೊರದ ಬರಿಯ ಕೆಲಸದ ಸದ್ದು.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಕೋವಿ ಕೋವಿ ಅಂತಲೇ ಇದ್ರಿ ಸಾರ್."

ಉಳಿದ ಐವರೂ ಅಷ್ಟರಲ್ಲಿ ಅಂಚಿಗೆ ಬಂದಿದ್ದರು. ಲೋಲಕ ತೂಗತೊಡಗಿತು. ಕೊಡಲಿ ಬೀಳುವಾಗ ಸೊನ್ನೆ, ಸದ್ದಿಗೆ ಎರಡು ದಾಟಿ ಎರಡೂವರೆ. ಮತ್ತೆ ಎರಡೂವರೆ. ಕರಿಯ ಮೂರು ಏಟಿಗೆ ನಿಲ್ಲುವವನಲ್ಲ. ಮೂವತ್ತು ಹೊಡೆದ, ಮಕ್ಕಳು ಮೂವತ್ತನ್ನೂ ಎಣಿಸಿದರು. ಒಬ್ಬನೂ ಒಂಬತ್ತು ಎನ್ನಲಿಲ್ಲ.

ಜೀಪಿನ ಕಡೆ ಹೊರಟಿದ್ದ ಇನ್ಸ್‌ಪೆಕ್ಟರು ಮಕ್ಕಳ ಕೂಗು ಕೇಳಿ ಒಂದು ಕಾಲು ಮೆಟ್ಟಿಲ ಮೇಲಿಟ್ಟೇ ನಿಂತರು. ಬಂದು ನೋಡಿದರು.

"ಇದನ್ನೇ ಮೊದಲು ತೋರಿಸೋದಕ್ಕೇನಾಗಿತ್ತು ನಿಮಗೆ?" ಎಂದರು, ಸಿಟ್ಟಿನಿಂದಲೇ.

"ನನಗೇ ಈಗ ಗೊತ್ತಾಯ್ತು ಸಾರ್. ಇವಳು ಹೇಳಿದಳು."

"ಶಾಯಿಯಲ್ಲಿ ಬರೆದಾಗಿದೆ. ಹೊಡೆದು ಹಾಕಿದರೆ ಕಾರಣ ಬರೀಬೇಕು. ಕೊಡಲಿ ಅಂತ ಬರೀಲಾ?"

ಪುಟ್ಟರಾಜು ಬಿದ್ದಿದ್ದ ಬಿದಿರನ್ನು ಎತ್ತಿ ಪಂಚೆ ಬಿಚ್ಚತೊಡಗಿದ. ಏನು ಹೇಳಿದರೂ ಕೂಗಾಗುತ್ತದೆಂದು ಅವನಿಗೆ ಗೊತ್ತಿತ್ತು.

"ಆ ಮರಕ್ಕೆ ಇಲ್ಲಿಂದ ಎಷ್ಟು ಅಡಿ?" ಎಂದು ಕೇಳಿದರು ಇನ್ಸ್‌ಪೆಕ್ಟರು.

"ಅಳೆದಿಲ್ಲ ಸಾರ್," ಎಂದ ಪುಟ್ಟರಾಜು. "ಅಳೆಯೋದಕ್ಕೆ ಇನ್ನೊಂದು ಪೀರಿಯಡ್ ಬೇಕು."

ಇನ್ಸ್‌ಪೆಕ್ಟರು ಅವನ ಮುಖವನ್ನೊಮ್ಮೆ ನೋಡಿ ಹೋಗಿ ಜೀಪಿನಲ್ಲಿ ಕೂತರು. ಡ್ರೈವರ್ ಎಂಜಿನ್ ಚಾಲೂ ಮಾಡಿದ. ಅದರ ಗುರುಗುರುವಿನಲ್ಲಿ ಕೊಡಲಿಯ ಸದ್ದು ಮುಳುಗಿಹೋಯಿತು, ಕರಿಯನ ತೋಳು ಮಾತ್ರ ಏಳುತ್ತ ಬೀಳುತ್ತ ಇತ್ತು. ಇನ್ಸ್‌ಪೆಕ್ಟರು ಡ್ರೈವರನ ಭುಜ ಮುಟ್ಟಿದರು. ಎಂಜಿನ್ ನಿಂತಿತು.